ಇಂಧನ ಉಳಿಸುವ ಯಂತ್ರಗಳ ಸಾಲಕ್ಕೆ ಆಸ್ತಿ ಅಡಮಾನ ಇನ್ನು ಕಡ್ಡಾಯವಲ್ಲ: ಗ್ರಾಹಕರಿಗೆ ಪತ್ರ

ಮಾನ್ಯ ಸದಸ್ಯರಿಗೆ ಮತ್ತು ಗ್ರಾಹಕರಿಗೆ,

ಇಂಧನ ಉಳಿಸುವ ಯಂತ್ರೋಪಕರಣಗಳ ಖರೀದಿಗೆ ನಮ್ಮ ಸಹಕಾರ ಸಂಘವು ನೀಡುವ ಸಾಲದ ನಿಯಮಗಳನ್ನು ಆಡಳಿತ ಮಂಡಳಿಯು ಬದಲಾಯಿಸಿದೆ. ಈ ಬಗೆಯ ಸಾಲಕ್ಕೆ ಜಮೀನು ಅಥವಾ ಕಟ್ಟಡದ ಅಡಮಾನ ಇನ್ನು ಮುಂದೆ ಕಡ್ಡಾಯವಲ್ಲ. ಕೊಳ್ಳುವ ಯಂತ್ರವನ್ನೇ ಭದ್ರತೆಯಾಗಿ ಸ್ವೀಕರಿಸಿ, ಅದರಿಂದ ಆಗುವ ಉಳಿತಾಯವನ್ನು ಅರ್ಜಿದಾರರ ಮರುಪಾವತಿ ಸಾಮರ್ಥ್ಯದ ಲೆಕ್ಕಕ್ಕೆ ಸೇರಿಸಿಕೊಳ್ಳಲಾಗುವುದು.

ಬಾಡಿಗೆ ಶೆಡ್ಡಿನಲ್ಲಿ ನಡೆಯುವ ಉದ್ದಿಮೆಗೆ ಅಡವಿಡಲು ಆಸ್ತಿ ಇರುವುದಿಲ್ಲ. ಇದ್ದರೂ ಅದು ದುಡಿಯುವ ಬಂಡವಾಳದ ಸಾಲಕ್ಕೆ ಆಗಲೇ ಅಡವಾಗಿರುತ್ತದೆ. ಉತ್ಪಾದನೆ ಹೆಚ್ಚಿಸುವ ಯಂತ್ರದ ಫಲ ಮಾರಾಟದ ಲೆಕ್ಕದಲ್ಲಿ ಎದ್ದು ಕಾಣುವುದರಿಂದ ಅದಕ್ಕೆ ಸಾಲ ಸಿಗುವುದು ಸುಲಭ. ಆದರೆ ವಿದ್ಯುತ್ ಬಿಲ್ಲು ಇಳಿಯುವುದನ್ನು ಆದಾಯವೆಂದು ಎಣಿಸುವ ರೂಢಿ ಸಾಲ ಕೊಡುವವರಲ್ಲಿ ಕಡಿಮೆ. ಕಂತು ಕಟ್ಟುವವರ ಕೈಯಲ್ಲಿ ಉಳಿಯುವ ಹಣ ಎರಡು ಸಂದರ್ಭಗಳಲ್ಲೂ ಒಂದೇ ಎಂಬುದು ಮಂಡಳಿಯ ಅಭಿಪ್ರಾಯ.

ಆದರೂ ‘ಉಳಿತಾಯ’ ಎಂಬ ಹಣೆಪಟ್ಟಿಯಿರುವ ಎಲ್ಲಕ್ಕೂ ಸಾಲ ಮಂಜೂರಾಗುವುದಿಲ್ಲ. 7.5 ಕಿಲೋವ್ಯಾಟ್‌ನ, ನಾಲ್ಕು ಪೋಲ್‌ಗಳ ಮೋಟಾರೊಂದನ್ನು ನೋಡೋಣ. ಮೋಟಾರುಗಳ ದಕ್ಷತೆಯ ಅಂತರರಾಷ್ಟ್ರೀಯ ದರ್ಜೆಗಳಲ್ಲಿ ಕೆಳಗಿನದಾದ ಐಇ1ರಲ್ಲಿ ಅದರ ದಕ್ಷತೆ ಶೇ. 86, ಮೇಲಿನದಾದ ಐಇ3ರಲ್ಲಿ ಶೇ. 90.4. ಪೂರ್ಣ ಹೊರೆಯಲ್ಲಿ ವರ್ಷಕ್ಕೆ 4,000 ಗಂಟೆ ಓಡಿದರೆ ಸುಮಾರು 1,700 ಯೂನಿಟ್ ಉಳಿಯುತ್ತದೆ. 800 ಗಂಟೆ ಮಾತ್ರ ಓಡಿದರೆ ಉಳಿಯುವುದು 340 ಯೂನಿಟ್. ಆದ್ದರಿಂದ ದಿನಕ್ಕೆ ಎರಡು ಮೂರು ಗಂಟೆ ಓಡುವ, ಸುಸ್ಥಿತಿಯಲ್ಲಿರುವ ಮೋಟಾರನ್ನು ಕಿತ್ತು ಹೊಸದನ್ನು ಕೂರಿಸಲು ನಾವು ಸಲಹೆ ನೀಡುವುದಿಲ್ಲ. ಸುಟ್ಟುಹೋದ ಮೋಟಾರನ್ನು ಮತ್ತೆ ರಿವೈಂಡಿಂಗ್‌ಗೆ ಕಳುಹಿಸುವ ಮುನ್ನ ಮಾತ್ರ ಈ ಲೆಕ್ಕವನ್ನು ಅವಶ್ಯವಾಗಿ ಹಾಕಿ ನೋಡಬೇಕು.

ಇದಕ್ಕಿಂತ ದೊಡ್ಡ ಉಳಿತಾಯ ಸಾಮಾನ್ಯವಾಗಿ ಫ್ಯಾನು ಮತ್ತು ಪಂಪುಗಳಲ್ಲಿದೆ. ಗಾಳಿ ಅಥವಾ ನೀರಿನ ಅಗತ್ಯ ದಿನವಿಡೀ ಏರಿಳಿಯುವ ಕಡೆ ವಾಲ್ವನ್ನು ಅರ್ಧ ಮುಚ್ಚಿ ಪಂಪನ್ನು ಪೂರ್ಣ ವೇಗದಲ್ಲಿ ಓಡಿಸುವ ಬದಲು, ಡ್ರೈವ್ (ಮೋಟಾರಿನ ವೇಗವನ್ನು ಬದಲಿಸುವ ಸಾಧನ) ಅಳವಡಿಸಿ ವೇಗವನ್ನು ಶೇ. 20ರಷ್ಟು ತಗ್ಗಿಸಿದರೆ ಬೇಕಾಗುವ ವಿದ್ಯುತ್ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ನೀರನ್ನು ಬಹಳ ಎತ್ತರಕ್ಕೆ ಏರಿಸಬೇಕಾದಲ್ಲಿ ಇಷ್ಟು ಲಾಭ ಸಿಗದು.

ಕೆಲವು ಉಳಿತಾಯಗಳಿಗೆ ಸಾಲವೇ ಬೇಕಿಲ್ಲ. ಸರಿಯಾದ ನಿಗಾ ಇಲ್ಲದ ಘಟಕಗಳಲ್ಲಿ ಕಂಪ್ರೆಸರ್ ತಯಾರಿಸುವ ಗಾಳಿಯ ಶೇ. 20ರಿಂದ 30ರಷ್ಟು ಸೋರಿಕೆಯಲ್ಲೇ ಹೋಗುವುದುಂಟು. ಊಟದ ಬಿಡುವಿನಲ್ಲಿ ಗಾಳಿ ಬಳಸುವ ಯಂತ್ರಗಳೆಲ್ಲ ನಿಂತಿದ್ದರೂ ಕಂಪ್ರೆಸರ್ ಮತ್ತೆ ಮತ್ತೆ ಲೋಡ್ ಆಗುತ್ತಿದ್ದರೆ, ಅಂದರೆ ಗಾಳಿ ತುಂಬಲು ತೊಡಗುತ್ತಿದ್ದರೆ, ಗಾಳಿ ಎಲ್ಲೋ ಸೋರುತ್ತಿದೆ ಎಂದೇ ತಿಳಿಯಬೇಕು. ಮೊದಲು ಅದನ್ನು ಸರಿಪಡಿಸಿಕೊಂಡು, ಆಮೇಲೂ ಹೊಸ ಕಂಪ್ರೆಸರ್ ಬೇಕೆನಿಸಿದರೆ ಅರ್ಜಿ ಸಲ್ಲಿಸಿರಿ. ಆಗ ಚಿಕ್ಕ ಯಂತ್ರವೇ ಸಾಕಾಗಬಹುದು.

ಅರ್ಜಿಯೊಂದಿಗೆ ಹಿಂದಿನ 12 ತಿಂಗಳ ವಿದ್ಯುತ್ ಅಥವಾ ಇಂಧನದ ಬಿಲ್ಲುಗಳು, ಅದೇ ಅವಧಿಯ ಉತ್ಪಾದನೆಯ ಲೆಕ್ಕ ಮತ್ತು ಯಂತ್ರದ ಕೊಟೇಶನ್ ಇರಬೇಕು. ಉತ್ಪಾದನೆಯ ಲೆಕ್ಕವನ್ನು ಕೇಳುವುದಕ್ಕೆ ಕಾರಣವಿದೆ: ಆರ್ಡರ್ ಕಡಿಮೆಯಾದ ತಿಂಗಳಲ್ಲಿ ಬಿಲ್ಲು ತಾನಾಗಿಯೇ ಇಳಿಯುತ್ತದೆ, ಅದನ್ನು ಯಂತ್ರದ ಸಾಧನೆ ಎನ್ನಲಾಗದು. ಒಂದು ಕಿಲೋ ಅಥವಾ ಒಂದು ಡಜನ್ ಉತ್ಪನ್ನಕ್ಕೆ ಎಷ್ಟು ಯೂನಿಟ್ ತಗಲುತ್ತದೆ ಎಂಬುದನ್ನೇ ನಾವು ಅಳತೆಗೋಲಾಗಿ ಇಟ್ಟುಕೊಳ್ಳುತ್ತೇವೆ. ಇದಕ್ಕಾಗಿ ಸಂಘದ ತಂತ್ರಜ್ಞರು ಘಟಕಕ್ಕೆ ಬಂದು, ಹಳೆಯ ಯಂತ್ರಕ್ಕೂ ಆನಂತರ ಹೊಸ ಯಂತ್ರಕ್ಕೂ ಪ್ರತ್ಯೇಕ ಮೀಟರ್ ಜೋಡಿಸಿ ಅಳೆಯುವರು.

ಮಾಸಿಕ ಕಂತು ಅಂದಾಜು ಉಳಿತಾಯದ ಮುಕ್ಕಾಲು ಪಾಲನ್ನು ಮೀರದಂತೆ ಸಾಲದ ಅವಧಿಯನ್ನು ನಿಗದಿಪಡಿಸಲಾಗುವುದು. ಅಳತೆಯಲ್ಲಿ ಉಳಿತಾಯ ಅಂದಾಜಿಗಿಂತ ಕಡಿಮೆ ಬಂದರೆ ಅವಧಿಯನ್ನು ಒಮ್ಮೆ ವಿಸ್ತರಿಸಲು ಅವಕಾಶವಿದೆ. ಆದರೆ ಸಾಲದ ಹೊಣೆ ಗ್ರಾಹಕರದೇ ಆಗಿರುತ್ತದೆ. ಸಾಲ ತೀರುವವರೆಗೆ ಯಂತ್ರಕ್ಕೆ ವಿಮೆ ಇರಬೇಕು, ಸಂಘದ ಒಪ್ಪಿಗೆಯಿಲ್ಲದೆ ಅದನ್ನು ಮಾರುವಂತಿಲ್ಲ.

ಈಗಾಗಲೇ ಆಸ್ತಿಯ ಅಡಮಾನದ ಮೇಲೆ ಇಂತಹ ಸಾಲ ಪಡೆದಿರುವವರು ಲಿಖಿತ ಕೋರಿಕೆ ಸಲ್ಲಿಸಿದಲ್ಲಿ, ಯಂತ್ರದ ತಪಾಸಣೆಯ ನಂತರ ಹೊಸ ನಿಯಮಕ್ಕೆ ಬದಲಾಯಿಸಿಕೊಂಡು ಆಸ್ತಿಪತ್ರಗಳನ್ನು ಹಿಂಪಡೆಯಬಹುದು.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)