ಬಸ್ಸಿನಲ್ಲಿ ಲೆಕ್ಕ ಹೇಳಿಕೊಟ್ಟ ಮೇಡಂಗೆ

ಶಿವಮೊಗ್ಗ–ತೀರ್ಥಹಳ್ಳಿ ಬಸ್ಸಿನಲ್ಲಿ ನನ್ನ ಮಗಳ ಪಕ್ಕ ಕೂತಿದ್ದ ಮೇಡಂ, ಹೆಸರು ಕೇಳುವಷ್ಟರಲ್ಲಿ ನೀವು ಮಂಡಗದ್ದೆಯಲ್ಲಿ ಇಳಿದುಬಿಟ್ಟಿರಿ.

ಅವಳ ಲೆಕ್ಕ ಹೀಗಿತ್ತು: ಎಕ್ಸ್/(ಎಕ್ಸ್−3) = 2 + 3/(ಎಕ್ಸ್−3). ಬಿಡಿಸಿದರೆ 3 ಬರುತ್ತಿತ್ತು. ಪುಸ್ತಕದ ಹಿಂದೆ ನೋಡಿದರೆ ‘ಪರಿಹಾರವಿಲ್ಲ’! ನೀವು ಸುಮ್ನೆ ಉತ್ತರ ಹೇಳಿಬಿಡಲಿಲ್ಲ. “ಮೊದಲು ಛೇದ ನೋಡು ಪುಟ್ಟಿ. ಎಕ್ಸ್ ಎಷ್ಟಾದರೆ ಅದು ಸೊನ್ನೆ ಆಗುತ್ತೆ?” ಅಂದಿರಿ. ಅವಳೇ ಪುಟದ ಅಂಚಿನಲ್ಲಿ ‘ಎಕ್ಸ್ 3 ಆಗಬಾರದು’ ಅಂತ ಬರೆದಳು. ಸೊನ್ನೆಯಿಂದ ಭಾಗಿಸೋಕೆ ಆಗಲ್ಲ, ಅಲ್ವಾ? ಎರಡೂ ಕಡೆ ಎಕ್ಸ್−3ರಿಂದ ಗುಣಿಸಿ ಛೇದ ತೆಗೆದರೂ ಆ ನಿರ್ಬಂಧ ಹೋಗುವುದಿಲ್ಲ ಎಂದು ಎಷ್ಟು ಸಲೀಸಾಗಿ ತಿಳಿಸಿದಿರಿ!

ಈಗ ಅವಳು ಆ ಸಾಲು ಬರೆದುಕೊಂಡೇ ಲೆಕ್ಕ ಶುರು ಮಾಡುತ್ತಾಳೆ. ತುಂಬಾ ಥ್ಯಾಂಕ್ಸ್ ಮೇಡಂ. ತೀರ್ಥಹಳ್ಳಿಗೆ ಬಂದರೆ ಖಂಡಿತ ನಮ್ಮ ಮನೆಗೆ ಬನ್ನಿ.