ಹಡಗು ಮುಳುಗುವ ಹೊತ್ತಿಗೆ ಲೈಟ್ ಹಾಕಿದರು

ಮಾನ್ಯ ಸಂಪಾದಕರೇ,

ಭಾನುವಾರದ ಸಿನಿಮಾ ಪ್ರದರ್ಶನ ‘ಯಶಸ್ವಿಯಾಗಿ ನೆರವೇರಿತು’ ಎಂದು ನಿಮ್ಮ ಪತ್ರಿಕೆಯಲ್ಲಿ ಓದಿ ಮೈ ಉರಿಯಿತು. ನಿಮ್ಮ ವರದಿಗಾರರು ಭಾಷಣ ಮುಗಿದ ಕೂಡಲೇ ಎದ್ದು ಹೋಗಿರಬೇಕು. ಸಂಘಟಕರು ಲೈಟ್ ಹಾಕಿ ನಮ್ಮನ್ನು ಹೊರಗೆ ಕಳಿಸುವವರೆಗೂ ನಾನು ಅಲ್ಲೇ ಇದ್ದೆ.

ಅಂದು ಹಾಕಿದ ‘ದಿ ಬೋಟ್ ದಟ್ ರಾಕ್ಡ್’ 2009ರಲ್ಲೇ ಬಂದ ಚಿತ್ರ. ಲೈಸೆನ್ಸ್ ಇಲ್ಲದೆ ಸಮುದ್ರದ ಹಡಗಿನಿಂದ ಬ್ರಿಟನ್ನಿಗೆ ಪಾಪ್ ಹಾಡು ಕೇಳಿಸುವ ‘ಕಡಲಗಳ್ಳ ರೇಡಿಯೊ’ದವರ ಕಥೆ. ರಿಚರ್ಡ್ ಕರ್ಟಿಸ್ ನಿರ್ದೇಶನ. ಫಿಲಿಪ್ ಸೀಮೋರ್ ಹಾಫ್‌ಮನ್, ಬಿಲ್ ನೈ, ನಿಕ್ ಫ್ರಾಸ್ಟ್ ಎಲ್ಲರೂ ಒಂದೇ ಹಡಗಿನಲ್ಲಿ. ರೇಡಿಯೊ ಕೇಳಿಯೇ ಬೆಳೆದವನು ನಾನು, ದೊಡ್ಡ ಪರದೆಯ ಮೇಲೆ ನೋಡುವ ಆಸೆ ಬಹಳ ದಿನದಿಂದ ಇತ್ತು. ಕರಪತ್ರದಲ್ಲಿ 5 ಗಂಟೆ ಅಂತ ಇತ್ತು. ಮಂಡಿನೋವಿನ ಹೆಂಡತಿಯನ್ನು ಆಟೊದಲ್ಲಿ ಕೂರಿಸಿಕೊಂಡು ನಾಲ್ಕೂವರೆಗೇ ಹೋದೆ. ಮುಖ್ಯ ಅತಿಥಿಗಳು ಬಂದದ್ದು 6 ದಾಟಿದ ಮೇಲೆ. ಆಮೇಲೆ ಹಾರ, ಶಾಲು, ಪ್ರಾಸ್ತಾವಿಕ ನುಡಿ, ಸನ್ಮಾನ. ಮೇಲೆ ಫ್ಯಾನ್ ತಿರುಗುತ್ತಿರಲಿಲ್ಲ, ಕುಡಿಯಲು ನೀರಿರಲಿಲ್ಲ. ಸಿನಿಮಾ ಶುರುವಾದದ್ದು 7ಕ್ಕೆ. ಎರಡೂಕಾಲು ಗಂಟೆಯ ಚಿತ್ರ. ಸರಿಯಾಗಿ 9ಕ್ಕೆ ಹಾಲ್ ಖಾಲಿ ಮಾಡಬೇಕು ಎಂದು ಲೈಟ್ ಹಾಕಿದರು. ಪರದೆಯ ಮೇಲೆ ಹಡಗಿಗೆ ನೀರು ನುಗ್ಗುತ್ತಿದೆ, ಅವರು ಇನ್ನೂ ಹಾಡು ಹಾಕುತ್ತಿದ್ದಾರೆ, ಇಲ್ಲಿ ಕುರ್ಚಿ ಮಡಚುವ ಸದ್ದು! ಭಾಷಣ ಅರ್ಧ ಗಂಟೆ ಕಡಿಮೆ ಮಾಡಿದ್ದರೆ ಆಗುತ್ತಿರಲಿಲ್ವಾ?

ಆ ಭಾಷಣವಾದರೂ ಸರಿಯಿತ್ತೇ? ‘ಇದು ನಡೆದ ಕಥೆ, ಹಡಗು ಹೀಗೇ ಮುಳುಗಿತು’ ಎಂದರು. ನೀವೂ ಹಾಗೇ ಅಚ್ಚು ಹಾಕಿದಿರಿ. ಚಿತ್ರದಲ್ಲಿ ಬರುವ ‘ರೇಡಿಯೊ ರಾಕ್’ ಎಂಬ ಕೇಂದ್ರ ಕಟ್ಟುಕಥೆ. ನಿಜವಾಗಿಯೂ ಇದ್ದ ಹಡಗಿನ ರೇಡಿಯೊ ಎಂದರೆ ರೇಡಿಯೊ ಕ್ಯಾರೊಲಿನ್. ಅದು 1964ರಲ್ಲಿ, ಬ್ರಿಟನ್ನಿನ ಕಾನೂನು ಮುಟ್ಟದಷ್ಟು ದೂರದ ಸಮುದ್ರದಲ್ಲಿ ಲಂಗರು ಹಾಕಿ ಶುರುವಾಯಿತು. ಬಿಬಿಸಿಯಲ್ಲಿ ಪಾಪ್ ಹಾಡು ಸಿಗುತ್ತಿದ್ದದ್ದೇ ಕಡಿಮೆ, ಹುಡುಗರು ಹಡಗಿನ ಕಡೆ ತಿರುಗಿದರು. ಚಿತ್ರದಲ್ಲಿ ಕೆನೆತ್ ಬ್ರಾನಾ ಮಾಡಿದ, ರೇಡಿಯೊ ಮುಚ್ಚಿಸಲು ಹೊರಟ ಮಂತ್ರಿಯಂಥವರು ಇರಲಿ ಬಿಡಿ, ನಿಜದಲ್ಲಿ ಕಾನೂನು ತಂದದ್ದು ಹೆರಾಲ್ಡ್ ವಿಲ್ಸನ್ ಅವರ ಲೇಬರ್ ಸರ್ಕಾರ. 1967ರ ಆಗಸ್ಟ್ ಮಧ್ಯದಿಂದ ಹಡಗಿಗೆ ಸಾಮಾನು ಒಯ್ದರೂ ತಪ್ಪು, ಜಾಹೀರಾತು ಕೊಟ್ಟರೂ ತಪ್ಪು. ಕ್ಯಾರೊಲಿನ್ ಆಮೇಲೂ ಕೆಲವು ತಿಂಗಳು ನಡೆಯಿತು. 1968ರ ಮಾರ್ಚ್‌ನಲ್ಲಿ ಅದರ ಹಡಗುಗಳನ್ನು ಎಳೆದುಕೊಂಡು ಹೋದದ್ದು ಬಾಕಿ ಹಣಕ್ಕಾಗಿ, ಮುಳುಗಿದ್ದಕ್ಕಲ್ಲ. ಅವುಗಳಲ್ಲಿ ಒಂದಾದ ಮಿ ಅಮಿಗೊ ಮುಳುಗಿದ್ದು ಎಷ್ಟೋ ವರ್ಷದ ಮೇಲೆ, 1980ರಲ್ಲಿ. ಕಾನೂನು ಬಂದು ಎರಡು ತಿಂಗಳೂ ಆಗಿರಲಿಲ್ಲ, 1967ರ ಸೆಪ್ಟೆಂಬರ್ 30ಕ್ಕೆ ಬಿಬಿಸಿ ತಾನೇ ಪಾಪ್ ಹಾಡಿನ ರೇಡಿಯೊ 1 ಶುರು ಮಾಡಿತು. ಮೊದಲ ಮೈಕ್ ಕೊಟ್ಟದ್ದು ಕಡಲಗಳ್ಳ ರೇಡಿಯೊದಿಂದ ಬಂದ ಟೋನಿ ಬ್ಲ್ಯಾಕ್‌ಬರ್ನ್‌ಗೇ! ಇಷ್ಟು ಒಳ್ಳೆಯ ಕಥೆ ಕೈಯಲ್ಲಿದ್ದೂ ತಪ್ಪು ಹೇಳಿ ಕಳಿಸುವುದು ಎಂಥ ಬೇಜವಾಬ್ದಾರಿ.

ಅಧಿಕಾರದಲ್ಲಿದ್ದವರಿಗೆ ಹಾಡು ಕಂಡರೆ ಆಗದು ಎಂಬುದು ನಮಗೇನು ಹೊಸದಲ್ಲ. 1952ರಲ್ಲಿ ಕೇಂದ್ರದ ಪ್ರಸಾರ ಮಂತ್ರಿ ಕೇಸ್ಕರ್ ಆಕಾಶವಾಣಿಯಿಂದ ಸಿನಿಮಾ ಹಾಡು ದೂರ ಇಟ್ಟರು. ನಮ್ಮಪ್ಪ ಸಿನಿಮಾ ಹಾಡು ಸಿಗುತ್ತಿದ್ದ ರೇಡಿಯೊ ಸಿಲೋನ್‌ಗೆ ಮುಳ್ಳು ತಿರುಗಿಸಿದರು. ಕೊನೆಗೆ 1957ರಲ್ಲಿ ಆಕಾಶವಾಣಿಯಲ್ಲೇ ಸಿನಿಮಾ ಹಾಡು ಹಾಕುವ ವಿವಿಧ ಭಾರತಿ ಬಂತು. ಮನೆಯ ರೇಡಿಯೊಗೂ ಲೈಸೆನ್ಸ್ ಇತ್ತು, ಆ ಪುಸ್ತಕ ಹಿಡಿದು ಕೌಂಟರ್ ಮುಂದೆ ನಿಂತದ್ದು, ‘ನಾಳೆ ಬಾ’ ಅನ್ನಿಸಿಕೊಂಡದ್ದು ಇನ್ನೂ ನೆನಪಿದೆ. ಇಂದಿಗೂ ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದುವಂತಿಲ್ಲ. ಅದೂ ಯಾವ ಊರಲ್ಲಿ ಕುಳಿತು ಇದನ್ನೆಲ್ಲ ಸಹಿಸಬೇಕು? ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ನಡೆಸಿದ ಮೈಸೂರಿನಲ್ಲಿ! ಭಾನುವಾರದ ವೇದಿಕೆಯಲ್ಲಿ ಅವರ ಹೆಸರನ್ನು ಒಬ್ಬರೂ ಎತ್ತಲಿಲ್ಲ.

ಸಂಘಟಕರು ಈ ಚಿತ್ರವನ್ನು ಮತ್ತೆ ಪೂರ್ತಿ ತೋರಿಸಬೇಕು. ಇಲ್ಲವೇ ಟಿಕೆಟ್ ಹಣ ವಾಪಸ್ ಕೊಡಬೇಕು, ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು. ಅಮೆರಿಕಕ್ಕೆಂದು ಸುಮಾರು 20 ನಿಮಿಷ ಕತ್ತರಿಸಿದ ‘ಪೈರೇಟ್ ರೇಡಿಯೊ’ ತಂದು ಹಾಕಬೇಡಿ. ನೀವೂ ವರದಿ ತಿದ್ದಿ. ಸಂಬಂಧಪಟ್ಟವರು ಹಾಲ್‌ನ ಸಮಯದ ಬಗ್ಗೆ ಏನಾದರೂ ಮಾಡಲಿ. ಒಂದೂವರೆ ಗಂಟೆ ಕಾಯಿಸಿದ ಅತಿಥಿಗಳಿಗೆ ಹಾಕಲು ಶಾಲು ಇತ್ತು, ದುಡ್ಡು ಕೊಟ್ಟು ಬಂದವರಿಗೆ ಇನ್ನು ಕಾಲು ಗಂಟೆ ಇರಲಿಲ್ವಾ? ನಾಚಿಕೆಯಾಗಬೇಕು.

ಒಬ್ಬ ಹಳೆಯ ರೇಡಿಯೊ ಕೇಳುಗ, ಮೈಸೂರು