ಮಗಳಿಗೊಂದು ಪತ್ರ: ಮೌನದ ಹುಡುಗಿ ದಡ ಸೇರಿದ ದ್ವೀಪ

ಪ್ರೀತಿಯ ಪುಟ್ಟಿ,

ಹಡಗು ರಿಪೇರಿಗೆಂದು ತೈವಾನಿನ ಕೀಲುಂಗ್ ಬಂದರಿನಲ್ಲಿ ನಿಂತಿದೆ. ಮೂರು ದಿನ ಬಿಡುವು ಸಿಕ್ಕಿತು. ರಾತ್ರಿಯ ಫೆರಿ ಹತ್ತಿ ನಾನ್‌ಗಾನ್ ಎಂಬ ದ್ವೀಪಕ್ಕೆ ಬಂದೆ. ಇದು ಮಾತ್ಸು ದ್ವೀಪಗಳಲ್ಲಿ ಒಂದು. ಆಡಳಿತ ತೈವಾನಿನದಾದರೂ ಇರುವುದು ಚೀನಾದ ಫೂಜಿಯಾನ್ ಕರಾವಳಿಯ ಮಗ್ಗುಲಲ್ಲೇ. ಹೋದ ಸಲ ವಿಡಿಯೋ ಕಾಲ್‌ನಲ್ಲಿ ಕೇಳಿದ್ದೆಯಲ್ಲ, "ಅಪ್ಪಾ, ನಿನ್ನ ಹಡಗಿನ ಅಡುಗೆಯವರು ದಿನಾ ಕೈಮುಗಿಯುವ ಆ ಪುಟ್ಟ ಮೂರ್ತಿ ಯಾರದು?" ಅಂತ. ಅವಳದೇ ದ್ವೀಪ ಇದು. ಹೆಸರು ಮಾಜು, ಚೀನೀ ನಾವಿಕರ ಕಡಲದೇವಿ.

ದೇವಿಯಾಗುವ ಮೊದಲು ಅವಳು ಮೀನುಗಾರರ ನಡುವೆ ಬೆಳೆದ ಹುಡುಗಿ. ಇಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದಕ್ಷಿಣದ ಮೇಯ್‌ಜೌ ದ್ವೀಪದಲ್ಲಿ, 960ರಲ್ಲಿ, ಲಿನ್ ಮನೆತನದಲ್ಲಿ ಹುಟ್ಟಿದಳಂತೆ. ಹುಟ್ಟಿ ತಿಂಗಳಾದರೂ ಒಮ್ಮೆಯೂ ಅಳಲಿಲ್ಲವೆಂದು ಮೊನ್ಯಾಂಗ್ ಎಂದು ಕರೆದರು, ಅಂದರೆ ಮೌನದ ಹುಡುಗಿ. ನೀನು ಹುಟ್ಟಿದಾಗ ಅಮ್ಮ ಫೋನನ್ನು ನಿನ್ನ ಬಾಯಿಯ ಹತ್ತಿರ ಹಿಡಿದಿದ್ದಳು. ನಾನು ಸೂಯೆಜ್ ಕಾಲುವೆಯ ಬಾಯಲ್ಲಿ ನಿಂತು ನಿನ್ನ ಅಳು ಕೇಳಿದ್ದೆ. ಒಂದು ತಿಂಗಳು ಆ ಸದ್ದಿಲ್ಲದೆ ಆ ಅಪ್ಪ ಹೇಗಿದ್ದನೋ.

ಮುಂದಿನದು ಮಗ್ಗದ ಕಥೆ. ಅಪ್ಪ, ಅಣ್ಣಂದಿರು ಕಡಲಿಗೆ ಹೋಗಿದ್ದಾರೆ, ಬಿರುಗಾಳಿ ಎದ್ದಿದೆ. ಮನೆಯಲ್ಲಿ ನೇಯುತ್ತ ಕೂತ ಹುಡುಗಿ ಮಗ್ಗದ ಮೇಲೇ ಕಣ್ಣು ಮುಚ್ಚಿ ಒರಗಿಬಿಟ್ಟಳು. ಜೀವ ಮಾತ್ರ ಅಲೆಗಳ ನಡುವೆ. ಎರಡೂ ಕೈಯಲ್ಲಿ ಅಣ್ಣಂದಿರನ್ನು ಹಿಡಿದಳು, ಅಪ್ಪನನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ಇತ್ತ ಮಗಳಿಗೆ ಏನಾಯಿತೋ ಎಂದು ಗಾಬರಿಯಾದ ತಾಯಿ ಅಲುಗಾಡಿಸಿ ಕೂಗಿದಳು. ಮಗಳು ಓಗೊಟ್ಟಳು. ಬಾಯಿ ತೆರೆದದ್ದೇ ಅಪ್ಪ ಜಾರಿ ನೀರುಪಾಲಾದ. ಕೆಲವೆಡೆ ಹೀಗೆ ಕೈತಪ್ಪಿ ಹೋದವನು ಅಣ್ಣ ಎನ್ನುತ್ತಾರೆ. ಯಾರೇ ಇರಲಿ, ನನಗೆ ಆ ತಾಯಿಯ ಮೇಲೆ ಕೋಪ ಬರುವುದಿಲ್ಲ ಪುಟ್ಟಿ. ಮಗಳು ಮಿಸುಕದೆ ಬಿದ್ದಿದ್ದರೆ ಯಾವ ತಾಯಿ ಕೂಗದೆ ಇದ್ದಾಳು!

ಅವಳ ಕೊನೆಯನ್ನು ಎರಡು ದ್ವೀಪಗಳೂ ಒಂದೇ ಥರ ಹೇಳುವುದಿಲ್ಲ. ಮೇಯ್‌ಜೌ ಜನರ ಪ್ರಕಾರ 987ರ ಒಂಬತ್ತನೆಯ ಚಾಂದ್ರಮಾಸದ ಒಂಬತ್ತನೆಯ ದಿನ ಅವಳು ಬೆಟ್ಟ ಹತ್ತಿ ಆಕಾಶಕ್ಕೆ ಏರಿಹೋದಳು. ನಾನ್‌ಗಾನ್‌ನ ಕಥೆ ಬೇರೆ. ಅಪ್ಪನನ್ನು ಹುಡುಕಲು ಅವಳು ಕಡಲಿಗೇ ಹಾರಿದಳು, ಮುಳುಗಿದಳು. ಅಪ್ಪನ ದೇಹದೊಂದಿಗೆ ಅವಳ ದೇಹ ತೇಲಿಬಂದು ಈ ಕೊಲ್ಲಿಯ ದಡ ಸೇರಿತು. ಇಲ್ಲಿನವರು ಅವಳನ್ನು ದಡದಲ್ಲೇ ಮಣ್ಣು ಮಾಡಿದರು, ಅಲ್ಲೇ ಗುಡಿ ಎದ್ದಿತು, ದ್ವೀಪಗಳಿಗೂ ಅವಳ ಹೆಸರೇ ಬಂತು, ಮಾತ್ಸು ಎಂದರೆ ಮಾಜುವೇ.

ಆ ಗುಡಿಯೊಳಗೆ ಈಗಷ್ಟೇ ಹೋಗಿ ಬಂದೆ. ಪೀಠದ ಮುಂದೆ ನೆಲದಲ್ಲಿ ಒಂದು ಕಲ್ಲುಚಪ್ಪಡಿ, ಅದರಡಿ ಅವಳ ಸಮಾಧಿ ಎಂದು ನಂಬುಗೆ. ಚಪ್ಪಡಿ ನೋಡುತ್ತ ನಿಂತಾಗ ಎದೆ ಝಲ್ಲೆಂದಿತು. ನಿನಗೆ ನಾಲ್ಕು ವರ್ಷವಿದ್ದಾಗ, ನಾನು ಹೊರಟ ದಿನ, ಆಟೋದ ಹಿಂದೆ ಬರಿಗಾಲಲ್ಲಿ ಗದ್ದೆಯಂಚಿನವರೆಗೆ ಓಡಿಬಂದಿದ್ದೆ. ಅದು ನೆನಪಾಯಿತು.

ಪಕ್ಕದಲ್ಲೊಬ್ಬ ಹೆಂಗಸು ಮೊಣಕಾಲೂರಿ ಅರ್ಧಚಂದ್ರದಂಥ ಎರಡು ಕೆಂಪು ಮರದ ತುಂಡುಗಳನ್ನು ನೆಲಕ್ಕೆ ಬಿಡುತ್ತಿದ್ದಳು. ಒಂದರ ಚಪ್ಪಟೆ ಮೈ, ಇನ್ನೊಂದರ ಉಬ್ಬು ಮೈ ಮೇಲಾದರೆ ದೇವಿ ಒಪ್ಪಿದಂತೆ. ನಮ್ಮಲ್ಲಿ ಹೂ ಪ್ರಸಾದ ಕೇಳುತ್ತಾರಲ್ಲ, ಹಾಗೆ. ಎರಡು ಸಲ ಆಗಲಿಲ್ಲ. ಮೂರನೆಯ ಸಲ ಟಕ್ಕೆಂದು ಬಿದ್ದದ್ದನ್ನು ನೋಡಿ ಅವಳು ಸೆರಗಿನಂಥ ಶಾಲಿನಲ್ಲಿ ಕಣ್ಣೊರೆಸಿಕೊಂಡಳು. ಏನು ಕೇಳಿದಳೋ ಗೊತ್ತಿಲ್ಲ. ನಾನೂ ಅವಳ ಪರವಾಗಿ ಕೈಮುಗಿದೆ.

ಆಮೇಲೆ ದೊರೆಗಳೂ ಅವಳಿಗೆ ಬಿರುದು ಕೊಡುತ್ತ ಹೋದರು. 1281ರಲ್ಲಿ ಕುಬ್ಲಾಯ್ ಖಾನ್ ಕಾಲದಲ್ಲಿ ತಿಯೆನ್‌ಫೇ, ಮುಂದೆ ಚಿಂಗ್ ಅರಸರ ಕಾಲದಲ್ಲಿ ತಿಯೆನ್‌ಹೌ, ಅಂದರೆ ಸ್ವರ್ಗದ ಮಹಾರಾಣಿ. ನಮ್ಮ ಕಲ್ಲಿಕೋಟೆಯವರೆಗೂ ಬಂದಿದ್ದ ಚೀನೀ ನೌಕಾಧಿಪತಿ ಝೆಂಗ್ ಹೆ, ತನ್ನ ಯಾನಗಳನ್ನು ಕಾಯ್ದವಳು ಇವಳೇ ಎಂದು 1431ರಲ್ಲಿ ಕಲ್ಲಿನಲ್ಲಿ ಬರೆಸಿದ.

ನಾವಿಕರ ಮಾತೊಂದಿದೆ, ಅದನ್ನು ನೀನು ನೆನಪಿಟ್ಟುಕೊಳ್ಳಬೇಕು. ಗಾಳಿಗೆ ಸಿಕ್ಕಾಗ "ಮಹಾರಾಣಿ" ಎಂದು ಕರೆದರೆ ಅವಳು ಕಿರೀಟ, ಒಡವೆ, ಪೀತಾಂಬರ ತೊಟ್ಟು ಬರುವಷ್ಟರಲ್ಲಿ ತಡವಾಗುತ್ತದೆ. "ಮಾಜು" ಎಂದರೆ, ಅಂದರೆ ಅಜ್ಜೀ ಎಂದರೆ, ಕೂದಲು ಕಟ್ಟಿಕೊಳ್ಳದೆ ಇದ್ದ ಹಾಗೆಯೇ ಓಡಿಬರುತ್ತಾಳೆ. ಇಪ್ಪತ್ತೇಳಕ್ಕೇ ಹೋದವಳು ಎಲ್ಲರಿಗೂ ಅಜ್ಜಿಯಾಗಿದ್ದಾಳೆ.

ನಾಳೆ ಬೆಳಗಿನ ಫೆರಿಗೆ ಹಿಂತಿರುಗುತ್ತೇನೆ. ಶುಕ್ರವಾರ ಹಡಗು ಬಿಡುತ್ತದೆ, ಆಮೇಲೆ ಹತ್ತು ದಿನ ನೆಟ್‌ವರ್ಕ್ ಇರುವುದಿಲ್ಲ. ಗುಡಿಯಲ್ಲಿ ಕೊಟ್ಟ ಕೆಂಪು ದಾರ ಈ ಕಾಗದದೊಳಗೇ ಇದೆ, ಅಮ್ಮನ ಹತ್ತಿರ ಕಟ್ಟಿಸಿಕೋ. ನೂಲ ಹುಣ್ಣಿಮೆಗೆ ಅಜ್ಜ ಕಡಲಿಗೆ ಕಾಯಿ ಬಿಡಲು ಹೋಗುವಾಗ ನೀನೂ ಜೊತೆಗೆ ಹೋಗು. ನೀರಿಗೆ ಮಾತ್ರ ಇಳಿಯಬೇಡ.

ನಿನ್ನ
ಅಪ್ಪ